ಗೇಟಿನ ನಡುವಿನಿಂದ ಗೇಟಿನ ನಡುವಿಗೆ

ಬೆಳಿಗ್ಗೆ ಆರೂವರೆ ಗಂಟೆ. ಬಿಜೈಯ ಒಂದು ಒಳರಸ್ತೆಯಲ್ಲಿ ನಾನು ಅಳತೆ ಟೇಪಿನ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ. ಮೂವತ್ತು ಮೀಟರ್ ಆಚೆ ಇನ್ನೊಂದು ತುದಿ ಹಿಡಿದು ನಿಂತವರು ಸರ್ವೇ ಮಾಮ. ಅಪ್ಪನ ಗೆಳೆಯ, ಸರ್ವೇ ಕೆಲಸದಿಂದ ರಿಟೈರ್ ಆದವರು. ಹಾಲು ತರಲು ಹೊರಟ ಒಬ್ಬರು ನಿಂತು ಕೇಳಿದರು, "ಎಂತ, ರೋಡ್ ಅಗಲ ಮಾಡ್ತಾರಾ?" ಮಾಮ ತಲೆ ಎತ್ತದೆ "ಇಲ್ಲ, ಡ್ರೈನೇಜ್" ಅಂದರು. ಅವರು ಸುಮ್ನೆ ಹೋದರು. ಮಂಗಳೂರಿನಲ್ಲಿ ಡ್ರೈನೇಜ್ ಅಂದರೆ ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ.

ನಾವು ಅಳೆಯುತ್ತಿದ್ದದ್ದು ಒಂದು ಖಾಲಿ ಮಳಿಗೆಯ ಬಾಗಿಲಿನಿಂದ ಒಂದು ಶಾಲೆಯ ಗೇಟಿಗೆ ಇರುವ ದೂರ. ನನ್ನ ಹತ್ತಿರ ಒಂದು ಬಾರ್ ಲೈಸೆನ್ಸ್ ಇತ್ತು. ಅದನ್ನು ಇಡಲು ಜಾಗ ಇರಲಿಲ್ಲ.

ಲೈಸೆನ್ಸ್ ಅಪ್ಪನದು. ಅವರು ಹದಿನೇಳನೇ ವಯಸ್ಸಿಗೆ ಮುಂಬೈಗೆ ಹೋಗಿ, ಬಾರಿನಲ್ಲಿ ಗ್ಲಾಸು ತೊಳೆದು, ವೇಟರ್ ಆಗಿ, ಕ್ಯಾಪ್ಟನ್ ಆಗಿ, ಕೊನೆಗೆ ಊರಿಗೆ ಬಂದು ಒಂದು ಸಿಎಲ್-9 ಹಿಡಿದವರು. ಈ ಸಿಎಲ್ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಿಎಲ್-2 ಅಂದರೆ ವೈನ್ ಶಾಪ್, ಬಾಟಲಿ ಕೊಂಡು ಮನೆಗೆ ನಡೆಯಬೇಕು. ಸಿಎಲ್-7 ಅಂದರೆ ರೂಮು ಇರುವ ಲಾಡ್ಜಿನ ಬಾರ್. ಸಿಎಲ್-9 ಅಂದರೆ ಕೂತು ಕುಡಿದು ಊಟ ಮಾಡುವ ಬಾರ್ ಆ್ಯಂಡ್ ರೆಸ್ಟೋರೆಂಟ್. ಸಿಎಲ್-2 ಮತ್ತು ಸಿಎಲ್-9 ಹೊಸದಾಗಿ ಕೊಡುವುದನ್ನು ಸರ್ಕಾರ 1990ರ ದಶಕದಲ್ಲೇ ನಿಲ್ಲಿಸಿತ್ತು. ಹಾಗಾಗಿ ಹಳೆಯ ಲೈಸೆನ್ಸಿಗೆ ಚಿನ್ನದ ಬೆಲೆ. ಅಪ್ಪ ಹೇಳುತ್ತಿದ್ದರು, "ಮನೆ ಮಾರಿದರೂ ಪರವಾಗಿಲ್ಲ, ಆ ಕಾಗದ ಮಾರಬೇಡಿ."

ಅಪ್ಪ ತೀರಿಕೊಂಡ ಮೇಲೆ ಕಾಗದ ನನ್ನ ಹೆಸರಿಗೆ ಬಂತು. ಅದು ಬೇರೆಯೇ ದೊಡ್ಡ ಕಥೆ. ಸಂತತಿ ನಕ್ಷೆ, ಅಮ್ಮನ ಒಪ್ಪಿಗೆ, ತಮ್ಮನ ಒಪ್ಪಿಗೆ, ಎಲ್ಲದಕ್ಕೂ ನೋಟರಿ. ತಮ್ಮ ಅಮೆರಿಕದಲ್ಲಿದ್ದಾನೆ. "ಕೊಟ್ಟುಬಿಡು ಅಕ್ಕ, ಯಾಕೆ ತಲೆನೋವು" ಅಂದ. ಸಂಬಂಧಿಕರು ನೇರ ಏನೂ ಹೇಳಲಿಲ್ಲ. ಮದುವೆ ಮನೆಗಳಲ್ಲಿ "ಈಗ ಎಂತ ಮಾಡಿಕೊಂಡಿದ್ದಿ?" ಅಂತ ಕೇಳಿ, ಉತ್ತರ ಬರುವ ಮೊದಲೇ ಬಡಿಸುವವರನ್ನು ಕರೆಯುತ್ತಿದ್ದರು. ನಮ್ಮ ಅಜ್ಜಿಯೊಬ್ಬರಿಗೆ ಮಾತ್ರ ಸಂಕೋಚ ಇಲ್ಲ. ಅವರಿಗೆ ಇವತ್ತಿಗೂ ನಮ್ಮ ಬಾರು ಗಡಂಗೇ. ಸಾರಾಯಿ ಅಂಗಡಿ ನಮ್ಮ ರಾಜ್ಯದಲ್ಲಿ ಬಂದ್ ಆದದ್ದು 2007ರಲ್ಲಿ. ಅಜ್ಜಿಯ ನಾಲಿಗೆಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹೆಸರು ಬದಲಾಗಿ ವರ್ಷ ತುಂಬುವ ಮೊದಲೇ ಕಟ್ಟಡದ ಮಾಲೀಕರು ಕರೆದರು. ಹಳೆ ಹಂಚಿನ ಕಟ್ಟಡ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲಿಕ್ಕೆ ಬಿಲ್ಡರ್ ಜೊತೆ ಒಪ್ಪಂದ ಆಗಿದೆಯಂತೆ. ಹತ್ತು ತಿಂಗಳು ಟೈಮ್ ಕೊಟ್ಟರು. ಕಡಿಮೆ ಏನಲ್ಲ ಅಂದುಕೊಂಡೆ. ಬಟ್ಟೆ ಅಂಗಡಿ ಆಗಿದ್ದರೆ ಹದಿನೈದು ದಿನ ಸಾಕಿತ್ತು.

ದೂರದ ಲೆಕ್ಕದ ಬಿಸಿ ನಮ್ಮ ಮನೆಗೆ ಮೊದಲ ಸಲ ತಾಗಿದ್ದು 2017ರಲ್ಲಿ. ನಮ್ಮ ಬಾರ್ ಇದ್ದದ್ದು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರುವ ಹಾಗಿಲ್ಲ ಅಂತ ಆದೇಶ ಕೊಟ್ಟಿತು. ಕುಡಿದು ಗಾಡಿ ಓಡಿಸಿ ಸಾಯುವವರ ಲೆಕ್ಕ ನೋಡಿ ಕೊಟ್ಟ ಆದೇಶ ಅದು. 20,000ದವರೆಗಿನ ಜನಸಂಖ್ಯೆಯ ಊರುಗಳಿಗೆ ಆಮೇಲೆ 220 ಮೀಟರ್ ಸಾಕು ಅಂತ ಆಯಿತು. ನಮ್ಮಲ್ಲಿ ಅಬಕಾರಿ ವರ್ಷ ಜುಲೈಯಿಂದ ಜೂನ್‌ವರೆಗೆ. ಹಾಗಾಗಿ ಜೂನ್ 30ರ ರಾತ್ರಿ ಅಪ್ಪ ಶಟರ್ ಎಳೆದರು. ಹನ್ನೊಂದು ದಿನ ಕಳೆದು, ಜುಲೈ 11ಕ್ಕೆ, ಅದೇ ಕೋರ್ಟು ಇದು ನಗರ ವ್ಯಾಪ್ತಿಯೊಳಗಿನ ಲೈಸೆನ್ಸುಗಳಿಗೆ ಅಡ್ಡಿ ಅಲ್ಲ ಅಂತ ಸ್ಪಷ್ಟ ಮಾಡಿತು. ಮತ್ತೆ ಕಾಗದಪತ್ರ ಆಗಿ ಶಟರ್ ಎತ್ತುವಾಗ ಇಬ್ಬರು ವೇಟರ್‌ಗಳು ಮುಂಬೈ ರೈಲು ಹತ್ತಿ ಆಗಿತ್ತು. ಅಪ್ಪ ಹೇಳುತ್ತಿದ್ದರು, "ನಮ್ಮ ಬಾರು ಒಂದಿಂಚು ಅಲುಗಾಡಲಿಲ್ಲ. ಸರಿ ಇತ್ತು, ತಪ್ಪಾಯಿತು, ಪುನಃ ಸರಿಯಾಯಿತು."

ಆಗ ನಾನು ನಕ್ಕಿದ್ದೆ. ಈಗ ಅದೇ ಲೆಕ್ಕ ನನ್ನ ತಲೆ ಮೇಲೆ.

ವಕೀಲರು ನಿಯಮದ ಪ್ರತಿ ಕೈಗೆ ಕೊಟ್ಟರು. 1967ರ ಅಬಕಾರಿ ಲೈಸೆನ್ಸ್ ಸಾಮಾನ್ಯ ಷರತ್ತುಗಳ ನಿಯಮ, ಅದರ ಐದನೇ ನಂಬರ್. "ಭಗವದ್ಗೀತೆ ಓದಿದ ಹಾಗೆ ಓದಿ" ಅಂದರು. ಓದಿದೆ. ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಆಗಬಾರದು. ಪರಿಶಿಷ್ಟ ಜಾತಿ, ಪಂಗಡದವರು ಹೆಚ್ಚಾಗಿ ಇರುವ ವಸತಿ ಪ್ರದೇಶದಲ್ಲಿ ಆಗಬಾರದು. ಹೆದ್ದಾರಿಯ ಮಾತು ಬೇರೆ ಉಂಟು.

ನೂರು ಮೀಟರ್ ಅಂದರೆ ಹಕ್ಕಿ ಹಾರುವ ನೂರು ಮೀಟರ್ ಅಲ್ಲ. ನಡೆಯುವ ನೂರು ಮೀಟರ್. ಅಂಗಡಿಯ ಬಾಗಿಲಿನ ಸರೀ ನಡುವಿನಿಂದ ಶುರು ಮಾಡಬೇಕು. ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿ ಹಿಡಿಯಬೇಕು. ಆ ಕಡೆ ಕಾಂಪೌಂಡ್ ಇದ್ದರೆ ಅತಿ ಹತ್ತಿರದ ಗೇಟಿನ ನಡುವಿಗೆ, ಕಾಂಪೌಂಡ್ ಇಲ್ಲದಿದ್ದರೆ ಹತ್ತಿರದ ಬಾಗಿಲಿನ ನಡುವಿಗೆ ಟೇಪು ಮುಟ್ಟಬೇಕು. ಒಂದು ಸಾಲು ಓದಿದರೆ ಸಾಮಾನ್ಯ ಅನಿಸುತ್ತದೆ. ನನ್ನ ಏಳು ತಿಂಗಳು ಆ ಒಂದು ಸಾಲಿನಲ್ಲಿ ಹೋಯಿತು.

ಬಿಜೈಯ ಆ ಮಳಿಗೆಯಲ್ಲೇ ಮೊದಲ ಪಾಠ. ಶಾಲೆಯ ದೊಡ್ಡ ಗೇಟಿಗೆ 160 ಮೀಟರ್ ಬಂತು. ನಾನು ಬಾಡಿಗೆ ಮಾತಾಡಲು ಫೋನ್ ತೆಗೆದೆ. ಮಾಮ "ನಿಲ್ಲು" ಅಂದು ಶಾಲೆಗೆ ಒಂದು ಸುತ್ತು ಹಾಕಿದರು. ಹಿಂದಿನ ಕಡೆ ಬಳ್ಳಿ ಹಬ್ಬಿದ ಒಂದು ಸಣ್ಣ ಕಬ್ಬಿಣದ ಗೇಟು. ತುಕ್ಕು ಹಿಡಿದ ಬೀಗ. ಕೊನೆಗೆ ಯಾವಾಗ ತೆಗೆದರೋ ಆ ಬೀಗಕ್ಕೇ ಗೊತ್ತು. ಅಲ್ಲಿಗೆ 84. "ಈ ಗೇಟಲ್ಲಿ ಯಾರೂ ಬರುವುದಿಲ್ಲವಲ್ಲ ಮಾಮ" ಅಂದೆ. "ನಾಳೆ ಯಾರಾದರೂ ತಕರಾರು ಕೊಟ್ಟರೆ ನಾಡಿದ್ದು ಆ ಬೀಗಕ್ಕೆ ಎಣ್ಣೆ ಬೀಳುತ್ತದೆ" ಅಂದರು. ಟೇಪು ಸುತ್ತಿದೆವು.

ಅದೇ ರಸ್ತೆಯ ಮೂಲೆಯಲ್ಲಿ ಒಂದು ಗೂಡಂಗಡಿ ಇತ್ತು. ಚಾ ಕುಡಿಯಲು ನಿಂತೆವು. ನಮ್ಮ ಕೆಲಸ ಏನೆಂದು ಆ ಮನುಷ್ಯನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. "ಅಕ್ಕ, ನಿಮ್ಮದು ನಡೆಯುವ ಲೆಕ್ಕ. ನನ್ನದು ಹಾರುವ ಲೆಕ್ಕ" ಅಂದ. ಹೌದು, ಬೀಡಿ-ಸಿಗರೇಟಿನ ಕಾನೂನು ಬೇರೆ. 2003ರ ತಂಬಾಕು ಕಾಯ್ದೆಯಲ್ಲಿ ಶಾಲೆ-ಕಾಲೇಜಿನಿಂದ 100 ಗಜ. ಅದು ಕಾಂಪೌಂಡಿನ ಹೊರಗೋಡೆಯಿಂದ ಸುತ್ತಲೂ ವೃತ್ತ ಎಳೆದ ಹಾಗೆ ಲೆಕ್ಕ. ನಮ್ಮ ರಾಜ್ಯದ ತಿದ್ದುಪಡಿಯಲ್ಲಿ ಈಗ ಆ ಗಜ ಮೀಟರ್ ಆಗಿದೆ, ಹುಕ್ಕಾ ಬಾರ್ ಪೂರ್ತಿ ನಿಂತಿದೆ. ಒಂದೇ ಶಾಲೆ, ಒಂದೇ ರಸ್ತೆ. ಬೀಡಿಗೆ ಹಕ್ಕಿಯ ದಾರಿ, ಬಿಯರಿಗೆ ಮನುಷ್ಯನ ದಾರಿ. ಎರಡು ಕಾನೂನು ಬರೆದವರು ಒಂದೇ ಮೇಜಿನಲ್ಲಿ ಚಾ ಕುಡಿದವರಲ್ಲ ಅಂತ ಕಾಣುತ್ತದೆ.

ಮಂಗಳೂರಿನಲ್ಲಿ ನೂರು ಮೀಟರ್ ಖಾಲಿ ಸಿಗುವುದು ಎಷ್ಟು ಕಷ್ಟ ಅಂತ ಟೇಪು ಹಿಡಿಯುವವರೆಗೆ ನನಗೆ ಗೊತ್ತಿರಲಿಲ್ಲ. ಇಲ್ಲಿ ದೇವಸ್ಥಾನ, ಚರ್ಚು, ಮಸೀದಿ ಮಾತ್ರ ಅಲ್ಲ. ತಿರುವಿಗೊಂದು ದೈವಸ್ಥಾನ, ಗಲ್ಲಿಗೊಂದು ಭಜನಾ ಮಂದಿರ, ಕಟ್ಟೆ, ಬನ. ಶಾಲೆ ಇಲ್ಲದ ರಸ್ತೆಯಲ್ಲಿ ಆಸ್ಪತ್ರೆ ಉಂಟು. ಆಸ್ಪತ್ರೆ ಇಲ್ಲದಲ್ಲಿ ನರ್ಸಿಂಗ್ ಕಾಲೇಜು ಉಂಟು. ವಕೀಲರು ಒಮ್ಮೆ ಮುಂಬೈಯ ಡ್ಯಾನ್ಸ್ ಬಾರ್ ಕೇಸಿನ ಬಗ್ಗೆ ಹೇಳಿದರು. ಅಲ್ಲಿ ಮಹಾರಾಷ್ಟ್ರ ಸರ್ಕಾರ ಶಾಲೆ, ದೇವಸ್ಥಾನದಿಂದ ಒಂದು ಕಿಲೋಮೀಟರ್ ಅಂತ ಷರತ್ತು ಇಟ್ಟಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಅಂಥ ಜಾಗ ಆ ಊರಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ, ಹಾಗಾದರೆ ಅದು ನಿಯಮ ಅಲ್ಲ, ನಿಷೇಧವೇ ಅಲ್ವಾ? "ನಿಮ್ಮದು ನೂರೇ ಮೀಟರ್, ಅದೃಷ್ಟ ಅಂದುಕೊಳ್ಳಿ" ಅಂದರು ವಕೀಲರು. ಅಂದುಕೊಂಡೆ.

ಕಾವೂರು ಕಡೆ ಒಂದು ಒಳ್ಳೆಯ ಜಾಗ ಸಿಕ್ಕಿತು. ಹೊಸ ಕಟ್ಟಡ, ಪಾರ್ಕಿಂಗ್, ಬಾವಿಯಲ್ಲಿ ನೀರು. ಶಾಲೆ ದೂರ, ಆಸ್ಪತ್ರೆ ದೂರ. ಪಕ್ಕದ ತೋಟದಲ್ಲಿ ಒಂದು ನಾಗಬನ. ಒಂದು ಕುಟುಂಬದವರದು. ವರ್ಷಕ್ಕೊಮ್ಮೆ ತಂಬಿಲ, ನಾಗರಪಂಚಮಿಗೆ ಹಾಲೆರೆಯುವುದು, ಅಷ್ಟೆ. ಗೋಡೆ ಇಲ್ಲ, ಬಾಗಿಲಿಲ್ಲ, ಅರ್ಚಕರು ಇಲ್ಲ. ನಾಲ್ಕು ಕಲ್ಲು, ಸುತ್ತ ದಟ್ಟ ಮರ. ಇದು ಧಾರ್ಮಿಕ ಸಂಸ್ಥೆಯೋ ಅಲ್ಲವೋ? ಮಾಮ ಟೇಪು ಹಿಡಿದು ತಲೆ ಕೆರೆದುಕೊಂಡರು. ಬಾಗಿಲು ಇಲ್ಲದ್ದಕ್ಕೆ ಬಾಗಿಲಿನ ನಡು ಎಲ್ಲಿ? ವಕೀಲರ ಅಭಿಪ್ರಾಯ ಬೇರೆ. ಖಾಸಗಿ ಕುಟುಂಬದ ಬನ, ಸಂಸ್ಥೆ ಅನ್ನಲು ಬರುವುದಿಲ್ಲ, ವಾದ ಮಾಡಬಹುದು ಅಂದರು.

ವಾದ ಮಾಡುವ ಮೊದಲು ನಮ್ಮ ಅಡುಗೆಯವರನ್ನು ಜಾಗ ತೋರಿಸಲು ಕರೆದುಕೊಂಡು ಹೋದೆ. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿ ಇರುವವರು. ಅವರ ಬಂಗುಡೆ ಪುಳಿಮುಂಚಿ ತಿನ್ನಲಿಕ್ಕೇ ಸುರತ್ಕಲ್ಲಿನಿಂದ ಬರುವವರಿದ್ದಾರೆ. ಅವರು ಅಡುಗೆಕೋಣೆ ನೋಡಿ ಖುಷಿಪಟ್ಟರು. ಕಿಟಕಿ ತೆಗೆದರು. ಬನ ಕಂಡಿತು. ಕಿಟಕಿ ಮುಚ್ಚಿದರು.

"ಅಕ್ಕ, ನಾಗನ ಮುಖಕ್ಕೆ ಮೀನಿನ ಹೊಗೆ ಬಿಡುವುದಾ? ನಾನಂತೂ ಬರುವುದಿಲ್ಲ."

ಅಲ್ಲಿಗೆ ಮುಗಿಯಿತು. ಕೋರ್ಟಿನಲ್ಲಿ ಗೆಲ್ಲಬಹುದಿತ್ತೋ ಏನೋ. ಅಡುಗೆಕೋಣೆಯಲ್ಲಿ ಸೋತಾಗಿತ್ತು. ನಿಜ ಹೇಳಿದರೆ ನನಗೂ ಒಳಗೊಳಗೆ ಹೆದರಿಕೆ ಇತ್ತು.

ಮೂರನೇ ಜಾಗ ಹಂಪನಕಟ್ಟೆಯ ಹಿಂದೆ. ಅದು ಬೇಗ ಮುಗಿದ ಕಥೆ. ಎಲ್ಲ ಅಳತೆ ಸರಿ ಬಂದು, ಅಡ್ವಾನ್ಸ್ ಕೊಡುವ ದಿನ, ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಬಣ್ಣ ಮಾಸಿದ ಒಂದು ಬೋರ್ಡ್ ಕಂಡಿತು. ಬಾಡಿಗೆಗಿದ್ದ ಒಂದು ಸರ್ಕಾರಿ ಕಚೇರಿ. "ಅವರು ಮುಂದಿನ ತಿಂಗಳು ಶಿಫ್ಟ್ ಆಗ್ತಾರೆ" ಅಂದರು ಮಾಲೀಕರು. ಕೆಳಗಿನ ಜೆರಾಕ್ಸ್ ಅಂಗಡಿಯ ಹುಡುಗಿ ನಕ್ಕಳು. "ಮೂರು ವರ್ಷದಿಂದ ಮುಂದಿನ ತಿಂಗಳೇ" ಅಂದಳು.

ಆಮೇಲೆ ಉರ್ವ ಕಡೆಯ ಜಾಗ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ರಸ್ತೆ ಬದಿಯ ಕಟ್ಟಡ, ಹಿಂದೆ ಮನೆಗಳು. ಮನೆಗಳ ಆಚೆ ಒಂದು ಭಜನಾ ಮಂದಿರ. ನೇರ ನೋಡಿದರೆ ಅರವತ್ತು ಮೀಟರ್ ಇರಬಹುದು. ಆದರೆ ನಡುವೆ ಮುರಕಲ್ಲಿನ ಉದ್ದ ಪಾಗಾರ, ಅಂದರೆ ಕಾಂಪೌಂಡ್ ಗೋಡೆ. ರಸ್ತೆಗೆ ಬಂದು, ತಿರುವು ತೆಗೆದುಕೊಂಡು, ಓಣಿಯಲ್ಲಿ ಹೋದರೆ 131. ಪಾಸ್! ಮುಡಾದಿಂದ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ, ಝೋನ್ ಸರ್ಟಿಫಿಕೇಟ್ ತೆಗೆಸಿದೆ. ನಗರದ ಮಾಸ್ಟರ್ ಪ್ಲ್ಯಾನಿನಲ್ಲಿ ಆ ಜಾಗ ವಾಣಿಜ್ಯ ವಲಯವೋ ವಸತಿ ವಲಯವೋ ಅಂತ ಹೇಳುವ ಕಾಗದ ಅದು. ವಸತಿ ಅಂತ ಇದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಭೂಬಳಕೆ ಬದಲಾವಣೆ ಕೇಳಬೇಕು, ಸಾರ್ವಜನಿಕರಿಂದ ಆಕ್ಷೇಪ ಕರೆಯಬೇಕು, ಮಲ್ಲ ಉಪದ್ರ. ಪುಣ್ಯಕ್ಕೆ ರಸ್ತೆಯ ಅಂಚು ವಾಣಿಜ್ಯ ಅಂತಲೇ ಇತ್ತು. ಅರ್ಜಿ ಕೊಟ್ಟೆ. ನಕ್ಷೆ, ಬಾಡಿಗೆ ಕರಾರು, ಡೋರ್ ನಂಬರ್, ತೆರಿಗೆ ರಸೀದಿ, ಎಲ್ಲ ಸೇರಿಸಿ ದಪ್ಪ ಫೈಲು.

ಸ್ಥಳ ಪರಿಶೀಲನೆಗೆ ಅಧಿಕಾರಿ ಬರುವ ಹಿಂದಿನ ದಿನ ಮಾಲೀಕರು ಫೋನ್ ಮಾಡಿದರು. "ಮೇಡಂ, ಹಿಂದೆ ಒಂದು ತಡಮೆ ಉಂಟು. ನಾಳೆ ಬೆಳಿಗ್ಗೆ ಮೇಸ್ತ್ರಿ ಬಂದು ಕಟ್ಟಿ ಮುಚ್ಚುತ್ತಾನೆ. ನೀವು ತಲೆ ಬಿಸಿ ಮಾಡಬೇಡಿ."

ಘಟ್ಟದ ಮೇಲಿನವರಿಗೆ ತಡಮೆ ಗೊತ್ತಿಲ್ಲದೆ ಇರಬಹುದು. ಪಾಗಾರದ ನಡುವೆ ಮನುಷ್ಯ ದಾಟುವಷ್ಟು ಬಿಟ್ಟ ಸಂದು. ಕೆಳಗೆ ಒಂದು ಕಲ್ಲು ಅಡ್ಡ ಇರುತ್ತದೆ, ದನ ದಾಟಬಾರದು ಅಂತ. ನಾವು ಎರಡು ಸಲ ಅಳೆಯಲು ಹೋದಾಗಲೂ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ದಾಸವಾಳದ ಗಿಡ ಮರೆ ಮಾಡಿತ್ತು. ಸಂಜೆ ನಾನು, ಮಾಮ ಹೋಗಿ ನೋಡಿದೆವು. ತಡಮೆಯ ಕಲ್ಲು ನಡುವಿನಲ್ಲಿ ಸವೆದು ಬೋಗುಣಿಯ ಹಾಗೆ ಆಗಿತ್ತು. ಎಷ್ಟು ವರ್ಷ, ಎಷ್ಟು ಕಾಲು. ಮಾಮ ಮಾತಾಡದೆ ಟೇಪು ಬಿಟ್ಟರು. ತಡಮೆ ದಾಟಿ ಹೋದರೆ ಮಂದಿರಕ್ಕೆ 72.

ಮುಚ್ಚಿದರೆ 131, ಬಿಟ್ಟರೆ 72. ಒಂದು ಗೋಣಿ ಸಿಮೆಂಟ್, ಹತ್ತು ಕಲ್ಲು, ಅಷ್ಟೇ ವ್ಯತ್ಯಾಸ. ಪಾಗಾರ ಮಾಲೀಕರದ್ದೇ. ಮುಚ್ಚುವ ಹಕ್ಕು ಅವರಿಗೆ ಇರಬಹುದು. ರಾತ್ರಿ ನಿದ್ದೆ ಬರಲಿಲ್ಲ. ಹತ್ತು ತಿಂಗಳಲ್ಲಿ ಆರು ಮುಗಿದಿತ್ತು. ಹನ್ನೊಂದು ಜನ ಕೆಲಸದವರು. ಒಮ್ಮೆ ಮುಚ್ಚಿಬಿಡಲಿ ಅಂತಲೇ ಅನಿಸಿತು. ಸುಳ್ಳು ಯಾಕೆ ಹೇಳಲಿ? ಬೆಳಗ್ಗಿನ ಹೊತ್ತಿಗೆ ಮುಚ್ಚಿರಲಿ ಅಂತ ಬಯಸಿಕೊಂಡೇ ಹೋದೆ.

ಮೇಸ್ತ್ರಿ ಬಂದಿರಲಿಲ್ಲ. ಅವರ ಮಾವನಿಗೆ ಹುಷಾರಿಲ್ಲವಂತೆ. ಅಧಿಕಾರಿ ಹತ್ತಕ್ಕೆ ಸರಿಯಾಗಿ ಬಂದರು. ಶಾಂತ ಮನುಷ್ಯ. ರಸ್ತೆ ಕಡೆಯಿಂದ ಅಳೆದರು, ಬರೆದುಕೊಂಡರು. ಆಮೇಲೆ ಹಿಂದೆ ಬಂದು ದಾಸವಾಳದ ಗಿಡ ನೋಡಿದರು. ಗಿಡದ ಹಿಂದೆ ನೋಡಿದರು.

"ಇಲ್ಲಿ ಜನ ನಡೆಯುತ್ತಾರಾ?"

ಮಾಲೀಕರು ಬಾಯಿ ತೆಗೆದರು. ಅಷ್ಟರಲ್ಲಿ ಆ ಕಡೆಯಿಂದ ಎಪ್ಪತ್ತು ದಾಟಿದ ದೊಡ್ಡಮ್ಮ ಒಬ್ಬರು ಸೀರೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು, ಕಲ್ಲಿನ ಮೇಲೆ ಕಾಲಿಟ್ಟು ಈ ಕಡೆ ಇಳಿದರು. ನಮ್ಮ ಐದು ಜನರ ಮುಖ ನೋಡಿದರು. "ಎಂತ, ಯಾರಾದರೂ ಬಿದ್ದರಾ?" ಅಂತ ಕೇಳಿದರು.

ಅಧಿಕಾರಿ ಪೆನ್ನಿನ ಕ್ಯಾಪ್ ಹಾಕಿದರು. ನನಗೆ ನಗು ಬಂತು. ಮಾಲೀಕರಿಗೆ ಬರಲಿಲ್ಲ. ಆ ತಡಮೆ ಈಗಲೂ ಉಂಟು. ಆ ಕಡೆ ಹೋದಾಗ ನೋಡುತ್ತೇನೆ.

ಕೊನೆಗೆ ಜಾಗ ಸಿಕ್ಕಿದ್ದು ಕೊಟ್ಟಾರದಲ್ಲಿ, ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿ. ಹತ್ತಿರದ ಶಾಲೆಯ ಗೇಟಿಗೆ ನಮ್ಮ ಬಾಗಿಲಿನ ನಡುವಿನಿಂದ 118. ಅದರಲ್ಲಿ ಕಾರಿಡಾರ್ ಮತ್ತು ಮೆಟ್ಟಿಲೇ ಹತ್ತಿಪ್ಪತ್ತು ಮೀಟರ್. ಮೆಟ್ಟಿಲು ಲೆಕ್ಕಕ್ಕೆ ಹಿಡಿಯದಿದ್ದರೂ ನೂರು ದಾಟುತ್ತದೋ ಅಂತ ಮಾಮ ಮೂರು ಸಲ ಅಳೆದರು. ಸ್ವಲ್ಪ ಮಾತ್ರ ದಾಟಿತು. ದಾಟಿದರೆ ಸಾಕು. ಸುತ್ತ ಎರಡು ದಿನ ನಡೆದೆವು. ಬನ, ಕಟ್ಟೆ, ತಡಮೆ, ಮಾಸಿದ ಬೋರ್ಡ್, ಬೀಗ ಹಾಕಿದ ಗೇಟು, ಏನೂ ಇಲ್ಲ. ಅರ್ಜಿ ಕೊಟ್ಟೆ. ಪರಿಶೀಲನೆ ಆಯಿತು. ಮಹಜರಿಗೆ ಸಹಿ ಹಾಕಿದೆ.

ಹದಿನೈದು ದಿನಕ್ಕೆ ಆಕ್ಷೇಪ ಬಂತು. ಕಾಂಪ್ಲೆಕ್ಸಿನ ಹಿಂದಿನ ಅಪಾರ್ಟ್‌ಮೆಂಟಿನವರದು. ಇಪ್ಪತ್ತಾರು ಸಹಿ. ಮೊದಲ ಸಹಿ ನೋಡಿ ನನ್ನ ಕೈ ತಣ್ಣಗಾಯಿತು. ಎಂಟನೇ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದ ಟೀಚರ್. ಅವರ ಅಕ್ಷರ ಹಾಗೇ ಇತ್ತು, ಏಳಕ್ಕೆ ಅಡ್ಡ ಗೆರೆ ಹಾಕುವುದು ಸಮೇತ.

ವಿಚಾರಣೆಯ ದಿನ ಟೀಚರ್ ಕಾಟನ್ ಸೀರೆ ಉಟ್ಟು, ಫೈಲು ಹಿಡಿದು ಬಂದಿದ್ದರು. ನನ್ನ ಗುರುತು ಸಿಕ್ಕಿತು. ನಕ್ಕರು. ಆಮೇಲೆ ಅಧಿಕಾರಿಯ ಮುಂದೆ ನನ್ನ ವಿರುದ್ಧ ಹತ್ತು ನಿಮಿಷ ಮಾತಾಡಿದರು. ಒಂದು ಮಾತೂ ಜಾಸ್ತಿ ಇಲ್ಲ, ಒಂದೂ ಕಡಿಮೆ ಇಲ್ಲ. ಅಧಿಕಾರಿ ಕೇಳಿಕೊಂಡು ನಿಯಮದ ಪುಟ ತೆಗೆದರು. ಶಾಲೆ 118, ದೇವಸ್ಥಾನ ಇನ್ನೂ ದೂರ, ಆಸ್ಪತ್ರೆ ಇಲ್ಲ, ಕಚೇರಿ ಇಲ್ಲ. ಮನೆಗಳಿಗೆ ಇಷ್ಟು ದೂರ ಇರಬೇಕು ಅಂತ ಇದರಲ್ಲಿ ಇಲ್ಲ ಮೇಡಂ ಅಂದರು.

ಹೊರಗೆ ವರಾಂಡದಲ್ಲಿ ನಾನೇ ಹೋಗಿ ಮಾತಾಡಿಸಿದೆ.

"ನೂರಾ ಹದಿನೆಂಟು ಅಂತ ಬರೆದಿದ್ದಿ. ನನ್ನ ಕಿಟಕಿಗೆ ಎಷ್ಟು ಅಂತ ಬರೆಯಲಿಲ್ಲ" ಅಂದರು.

"ನಿಮ್ಮ ಕಿಟಕಿ ನಿಯಮದಲ್ಲಿ ಇಲ್ಲ ಟೀಚರ್."

"ಗೊತ್ತು. ನಾನೂ ಓದಿದ್ದೇನೆ. ಆದರೂ ಅಳೆದಿಯಾ ಅಂತ ಕೇಳಿದೆ."

ಅಳೆದಿರಲಿಲ್ಲ. ಏಳು ತಿಂಗಳು ಊರೆಲ್ಲ ಅಳೆದವಳು ಅದೊಂದನ್ನು ಅಳೆದಿರಲಿಲ್ಲ. ಮರುದಿನ ಮಾಮನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ನಮ್ಮ ಅಡುಗೆಕೋಣೆಯ ಎಗ್ಸಾಸ್ಟ್ ಫ್ಯಾನಿನ ತೂತಿನಿಂದ ಅವರ ಮಲಗುವ ಕೋಣೆಯ ಕಿಟಕಿಗೆ ಒಂಬತ್ತು ಮೀಟರ್. ಟೀಚರ್ ಚಾ ಮಾಡಿಕೊಟ್ಟರು. ಅವರಿಗೆ ಕುಡಿತದ ಬಗ್ಗೆ ದೊಡ್ಡ ಭಾಷಣ ಏನೂ ಇರಲಿಲ್ಲ. ತಕರಾರು ಮೂರು. ಮೀನು ಕರಿದ ಹೊಗೆ. ರಾತ್ರಿ ಹನ್ನೊಂದರ ಮೇಲೆ ಬೈಕ್ ಸ್ಟಾರ್ಟ್ ಮಾಡುವವರ ಗಲಾಟೆ. ಮತ್ತೆ, ಅವರ ಕಾಂಪೌಂಡಿಗೆ ಮೂತ್ರ ಮಾಡುವವರು. ಮೂರನೆಯದನ್ನು ಹೇಳುವಾಗ ಸ್ವರ ಸ್ವಲ್ಪ ತಗ್ಗಿಸಿದರು.

ನಮ್ಮ ಹಳೆ ಬಾರಿನ ಹಿಂದೆಯೂ ಮನೆಗಳಿದ್ದವು. ಅಲ್ಲಿಯವರು ಅಪ್ಪನಿಗೆ ಏನಾದರೂ ಹೇಳಿದ್ದರೋ ಇಲ್ಲವೋ, ನನಗೆ ಗೊತ್ತೇ ಇಲ್ಲ.

ಆ ವಾರ ತಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಅವನಿರುವುದು ಸಿಯಾಟಲ್ ಹತ್ತಿರ. "ನಮ್ಮ ಪಕ್ಕದ ಊರು ರೆಂಟನ್ ಇದೇ ವಿಷಯಕ್ಕೆ ಫೇಮಸ್ ಅಕ್ಕ" ಅಂದ. ಅಲ್ಲಿಯದು ಬಾರ್ ಅಲ್ಲ, ವಯಸ್ಕರ ಸಿನಿಮಾ ತೋರಿಸುವ ಟಾಕೀಸು. ಊರಿನ ನಿಯಮದಲ್ಲಿ ಅಂಥದ್ದು ಚರ್ಚು, ಶಾಲೆ, ಪಾರ್ಕಿನಿಂದ 1,000 ಅಡಿ ದೂರ ಇರಬೇಕಿತ್ತು. ಅಂದರೆ ಹತ್ತಿರ ಹತ್ತಿರ 305 ಮೀಟರ್. ಮನೆಗಳಿಂದಲೂ ಅಷ್ಟೇ ದೂರ. ಟಾಕೀಸಿನವರು ಕೋರ್ಟಿಗೆ ಹೋದರು. 1986ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಕೋರ್ಟು ನೋಡಿದ್ದು ಎರಡು ವಿಷಯ. ಊರು ತಡೆಯಲು ಹೊರಟದ್ದು ಸಿನಿಮಾವನ್ನೋ, ಅದು ಸುತ್ತಮುತ್ತ ತರುವ ತೊಂದರೆಯನ್ನೋ? ಮತ್ತೆ, ನಿಯಮ ಹಾಕಿದ ಮೇಲೆ ಊರಲ್ಲಿ ಬೇರೆ ಜಾಗ ಉಳಿದಿದೆಯೋ? ಸುಮಾರು 520 ಎಕರೆ ಉಳಿದಿತ್ತಂತೆ, ಊರಿನ ಶೇಕಡಾ 5ಕ್ಕಿಂತ ಸ್ವಲ್ಪ ಜಾಸ್ತಿ. ಡೆಟ್ರಾಯಿಟ್ ಅಂಥ ಅಂಗಡಿಗಳು ಒಂದರ ಪಕ್ಕ ಒಂದು ಬರದ ಹಾಗೆ ಚದುರಿಸಿತು. ಬೋಸ್ಟನ್ ಎಲ್ಲವನ್ನೂ ಒಂದೇ ಮೂಲೆಗೆ ತಂದಿತು. ಇದೂ ಅವನೇ ಹೇಳಿದ್ದು.

ನನ್ನ ತಲೆಯಲ್ಲಿ ಉಳಿದದ್ದು ಒಂದೇ. ಅಲ್ಲಿ ಮನೆ ಪಟ್ಟಿಯಲ್ಲಿತ್ತು. ಇಲ್ಲಿ ದೇವರು, ಮಕ್ಕಳು, ರೋಗಿಗಳು, ಗುಮಾಸ್ತರು ಎಲ್ಲರಿಗೂ ನೂರು ಮೀಟರ್ ಇದೆ. ಮಲಗಿ ನಿದ್ದೆ ಮಾಡುವವರಿಗೆ ಇಲ್ಲ. ಹಾಗೆ ಇಟ್ಟರೆ ಮಂಗಳೂರಿನಲ್ಲಿ ಒಂದೂ ಬಾರ್ ಉಳಿಯಲಿಕ್ಕಿಲ್ಲ, ನನ್ನದೂ ಸೇರಿ. ಅದು ಗೊತ್ತಿದ್ದೂ ಆ ಒಂಬತ್ತು ಮೀಟರ್ ನನಗೆ ಕಿರಿಕಿರಿ ಮಾಡುತ್ತಲೇ ಇತ್ತು.

ಎಗ್ಸಾಸ್ಟ್ ಪೈಪನ್ನು ಕಟ್ಟಡದ ಒಳಗಿನಿಂದಲೇ ತಿರುಗಿಸಿ, ರಸ್ತೆ ಕಡೆಯ ತಾರಸಿಗೆ ಎತ್ತಿಸಿದೆ. ಫ್ಯಾಬ್ರಿಕೇಶನ್‌ನವನು ಹೇಳಿದ ರೇಟಿಗೆ ಅಮ್ಮ ಒಂದು ದಿನ ಮಾತಾಡಲಿಲ್ಲ. ಹಿಂದಿನ ಬಾಗಿಲಿಗೆ ಒಳಗಿನಿಂದ ಚಿಲಕ. ರಾತ್ರಿ ಪಾರ್ಕಿಂಗ್ ನೋಡಿಕೊಳ್ಳಲು ಒಬ್ಬರು. ಗಿರಾಕಿಗಳ ಟಾಯ್ಲೆಟ್ ಒಂದರ ಬದಲು ಎರಡು, ಅದೂ ಮೆಟ್ಟಿಲು ಇಳಿಯುವ ಮೊದಲೇ ಎದುರಾಗುವ ಹಾಗೆ. ಇದನ್ನೆಲ್ಲ ಬರೆದು ಸಹಿ ಹಾಕಿ ಟೀಚರಿಗೆ ಒಂದು ಪ್ರತಿ, ನನ್ನ ಫೈಲಿಗೆ ಒಂದು ಪ್ರತಿ. ವಕೀಲರು ಬೈದರು. "ಯಾರೂ ಕೇಳದ್ದನ್ನು ಬರೆದುಕೊಡುತ್ತಾರಾ? ನಾಳೆ ಇದೇ ಕಾಗದ ಹಿಡಿದು ನಿಮ್ಮ ಮೇಲೆ ಬರುತ್ತಾರೆ." ಬರಲಿ ಅಂದೆ. ಟೀಚರ್ ಆಕ್ಷೇಪ ವಾಪಸ್ ತೆಗೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಆರ್ಡರ್ ಬಂದದ್ದು ಜೂನ್ ಎರಡನೇ ವಾರ, ಜೋರು ಮಳೆಯಲ್ಲಿ. ಲೈಸೆನ್ಸಿನಲ್ಲಿ ಹೊಸ ಡೋರ್ ನಂಬರ್. ಹಳೆ ಕಟ್ಟಡ ಆಗಲೇ ಅರ್ಧ ಕೆಡವಿ ಆಗಿತ್ತು. ಅಪ್ಪನ ಕ್ಯಾಶ್ ಕೌಂಟರಿನ ಹಲಗೆಯನ್ನು ಮೊದಲೇ ಬಿಡಿಸಿ ತಂದಿದ್ದೆ. ಜುಲೈ ಒಂದಕ್ಕೆ ಹೊಸ ಅಬಕಾರಿ ವರ್ಷದ ಜೊತೆಗೆ ಶಟರ್ ಎತ್ತಿದೆವು. ಅಡುಗೆಯವರು ಮೊದಲ ಬಂಗುಡೆ ಎಣ್ಣೆಗೆ ಬಿಡುವ ಮೊದಲು ಕಿಟಕಿ ತೆಗೆದು ಹೊರಗೆ ಒಮ್ಮೆ ನೋಡಿಕೊಂಡರು. ಅಪಾರ್ಟ್‌ಮೆಂಟ್ ಗೋಡೆ ಬಿಟ್ಟರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡರು.

ಮೂರನೇ ದಿನ ಸಂಜೆ ಟೀಚರ್ ತರಕಾರಿ ಚೀಲ ಹಿಡಿದು ಬರುತ್ತಿದ್ದರು. ನಾನು ಕೆಳಗೆ ನಿಂತಿದ್ದೆ. ಅವರೂ ನಿಂತರು. ತಲೆ ಎತ್ತಿ ತಾರಸಿಯ ಪೈಪ್ ನೋಡಿದರು.

"ಗಾಳಿ ಪಡುವಣದಿಂದ ಬೀಸಿದರೆ ಸ್ವಲ್ಪ ಬರುತ್ತದೆ" ಅಂದರು. "ಇನ್ನೂ ಎರಡು ಅಡಿ ಎತ್ತರ ಮಾಡಿಸು."

ಫ್ಯಾಬ್ರಿಕೇಶನ್‌ನವನಿಗೆ ಫೋನ್ ಮಾಡಿದ್ದೇನೆ. ಮಳೆ ಬಿಡಲಿ ಅಂದಿದ್ದಾನೆ.